ದೇವದುರ್ಗದ ಬಸ್ಸಿನಲ್ಲಿ ಬಂದ ಕತೆ

ಮಕ್ಕಳ ಕತೆಯ ಪುಸ್ತಕವೊಂದನ್ನು ನಾನು ಮೊದಲ ಸಲ ಕೇಳಿದ್ದು ನಲವತ್ತು ದಾಟಿದ ಮೇಲೆ. ಕೇಳಿದ್ದು ಅಂತಲೇ ಬರೆದಿದ್ದೇನೆ, ಓದಿದ್ದು ಅಲ್ಲ. ಆ ಪುಸ್ತಕವನ್ನು ನಾನು ಇವತ್ತಿನವರೆಗೂ ಕಣ್ಣಿನಿಂದ ಕಂಡಿಲ್ಲ. ಅದರ ರಟ್ಟು ಹರಿದುಹೋಗಿತ್ತಂತೆ, ಮೊದಲ ಕೆಲವು ಹಾಳೆಗಳೂ ಇರಲಿಲ್ಲವಂತೆ. ಹಾಗಾಗಿ ಅದರ ಹೆಸರೂ ಗೊತ್ತಿಲ್ಲ, ಬರೆದವರೂ ಗೊತ್ತಿಲ್ಲ. ಬಹಳ ಹಳೆಯ ಕತೆ, ಹೊರದೇಶದ್ದು, ತಲೆಮಾರುಗಳಿಂದ ಮಕ್ಕಳು ಓದಿಕೊಂಡು ಬಂದದ್ದು ಅಂತ ಶಾಲೆಯ ಟೀಚರು ಹೇಳಿದ್ದರಂತೆ. ನನ್ನ ಪಾಲಿಗೆ ಮಾತ್ರ ಅದು ರಾಯಚೂರಿನಿಂದ ದೇವದುರ್ಗಕ್ಕೆ ಬರುವ ಮಧ್ಯಾಹ್ನದ ಬಸ್ಸಿನಲ್ಲಿ, ಡ್ರೈವರನ ಸೀಟಿನ ಹಿಂದೆ, ಕರ್ಚೀಫಿನಲ್ಲಿ ಸುತ್ತಿಕೊಂಡು ಬರುತ್ತಿದ್ದ ಕತೆ.

ನಾನು ಸಣ್ಣವನಿದ್ದಾಗ ನಮ್ಮ ಮನೆಯಲ್ಲಿ ಕತೆಪುಸ್ತಕ ಅನ್ನುವುದೇ ಇರಲಿಲ್ಲ. ಅವ್ವ ನಮ್ಮೂರು ಮಲ್ಲಟದ ಹೊಲಗಳಲ್ಲಿ ಕಸ ತೆಗೆಯಲು ಹೋಗುತ್ತಿದ್ದಳು, ಅಪ್ಪ ಕಲ್ಲು ಒಡೆಯುತ್ತಿದ್ದ. ಇಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ಮಕ್ಕಳು ಓದುತ್ತಿವೆಯೋ ಇಲ್ಲವೋ ಅಂತ ತಿಳಿಯಲು ಅವರ ಹತ್ತಿರ ಇದ್ದದ್ದು ಕಿವಿ ಮಾತ್ರ. "ಜೋರಾಗಿ ಓದಲೇ!" ಅಂತ ಅವ್ವ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು. ಧ್ವನಿ ನಿಂತರೆ ಓದು ನಿಂತಂತೆ. ನಾನಂತೂ ಎಷ್ಟೋ ಸಂಜೆ ಪಾಠ ಮುಗಿದ ಮೇಲೂ ಬಾಯಿಗೆ ಬಂದ ರಾಜರನ್ನೂ ಊರುಗಳನ್ನೂ ಸೇರಿಸಿ ರಾಗವಾಗಿ ಕೂಗುತ್ತ ಕೂತಿದ್ದುಂಟು. ಅವ್ವ ಸಂತೋಷದಿಂದ ರೊಟ್ಟಿ ಬಡಿಯುತ್ತಿದ್ದಳು. ನಮ್ಮಂಥ ಮನೆಗಳಲ್ಲೆಲ್ಲ ಇದೇ ಪದ್ಧತಿ. ನನ್ನ ಅಕ್ಕ ಶಾಲೆಯ ಮೆಟ್ಟಿಲು ಹತ್ತದಿದ್ದರೂ ಈ ಪದ್ಧತಿಯನ್ನು ಮಾತ್ರ ಗಂಡನ ಮನೆಗೆ, ರಾಯಚೂರಿಗೆ, ಜೋಪಾನವಾಗಿ ತೆಗೆದುಕೊಂಡು ಹೋಗಿದ್ದಳು.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾವು ಮಾನ್ವಿಯಲ್ಲಿದ್ದೆವು. ಗುಮಾಸ್ತನ ಕೆಲಸ, ಹೆಂಡತಿ, ಒಬ್ಬಳೇ ಮಗಳು. ಹೆಂಡತಿ ಮಾತುಗಾರ್ತಿ. ಮಗಳ ಸುದ್ದಿ ನನಗೆ, ನನ್ನ ಸುದ್ದಿ ಮಗಳಿಗೆ ಅವಳೇ ಮುಟ್ಟಿಸುತ್ತಿದ್ದಳು. "ನಿಮ್ಮಪ್ಪ ಸಿಟ್ಟಿಗೆದ್ದಾನ" ಅಂತ ಅಲ್ಲಿ, "ಕೂಸಿಗೆ ಚಪ್ಪಲ್ ಹರದಾವ" ಅಂತ ಇಲ್ಲಿ. ಹೀಗಾಗಿ ನಾನೂ ಮಗಳೂ ಒಂದೇ ಮನೆಯಲ್ಲಿದ್ದು ನೇರವಾಗಿ ಮಾತಾಡಿದ್ದು ಕಡಿಮೆ. ಅದರ ಅವಶ್ಯಕತೆಯೂ ಕಂಡಿರಲಿಲ್ಲ. ಆಮೇಲೆ ಹೆಂಡತಿ ಕಾಯಿಲೆ ಬಿದ್ದು ತೀರಿಕೊಂಡಳು. ಅದರ ಬೆನ್ನಿಗೇ ನನಗೆ ದೇವದುರ್ಗಕ್ಕೆ ವರ್ಗವಾಯಿತು.

ಮಗಳನ್ನು ರಾಯಚೂರಿನ ಅಕ್ಕನ ಮನೆಯಲ್ಲಿ ಬಿಟ್ಟೆ. ಬಿಡುವ ದಿನ ಕಾರಣಗಳನ್ನು ಒಂದೊಂದಾಗಿ ಹೇಳಿದೆ. ಚಿಂತೆ ಮಾಡುವುದರಲ್ಲಿ ನನ್ನಷ್ಟು ಪಳಗಿದವರು ಈ ಜಿಲ್ಲೆಯಲ್ಲಿ ಕಡಿಮೆ; ಕಾರಣಗಳಿಗೆ ನನ್ನ ಹತ್ತಿರ ಎಂದೂ ಬರ ಇರಲಿಲ್ಲ.

"ಅಲ್ಲಿ ಬಾಡಿಗಿ ಮನ್ಯಾಗ ಚೇಳು ಅದಾವಕ್ಕ," ಅಂದೆ.

"ರಾಯಚೂರಾಗ ಇಲ್ಲೇನೋ ತಮ್ಮಾ?"

"ಇಲ್ಲಿ ನೀ ಇದ್ದೀ."

"ನಾ ಏನ್ ಚೇಳಿಗೆ ಬುದ್ಧಿ ಹೇಳಾಕಿ ಏನು?"

"ನೀರು ಸವಳು, ಬಾಯಿಗೆ ಹಾಕಿದ್ರ ಉಪ್ಪು. ಸಾಲಿ ಸಣ್ಣದು. ನಾ ಕಚೇರಿಗೆ ಹೋದ್ರ ಮನ್ಯಾಗ ಒಂದು ನರಪಿಳ್ಳೆ ಇರಂಗಿಲ್ಲ. ನಂಗ ರೊಟ್ಟಿ ಬಡಿಯಾಕ ಬರಂಗಿಲ್ಲ."

ಮಗಳು ಹೊಸ್ತಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ. ಹತ್ತು ವರ್ಷದ ಹುಡುಗಿಗೆ ಇದೆಲ್ಲ ಎಲ್ಲಿ ಕೇಳಿಸಬೇಕು ಅಂದುಕೊಂಡೆ.

ದೇವದುರ್ಗದ ಮನೆಯಲ್ಲಿ ಸಂಜೆ ಅನ್ನುವುದು ಬಹಳ ಉದ್ದವಾಗಿತ್ತು. ಕಚೇರಿಯಿಂದ ಬಂದು ಬೀಗ ತೆಗೆದರೆ, ಬೆಳಿಗ್ಗೆ ನಾನು ಚಾ ಕುಡಿದಿಟ್ಟ ಕಪ್ಪು ಇಟ್ಟ ಕಡೆಯೇ ಇರುತ್ತಿತ್ತು. ಇರದೆ ಎಲ್ಲಿ ಹೋದೀತು? ಆದರೂ ಅದನ್ನು ನೋಡಿದಾಗಲೆಲ್ಲ ಒಂದು ಗಳಿಗೆ ಬಾಗಿಲಲ್ಲೇ ನಿಲ್ಲುತ್ತಿದ್ದೆ. ಮಗಳಿಗೆ ಕಾಗದ ಬರೆಯುತ್ತಿದ್ದೆ. ಅವಳಿಂದಲೂ ಬರುತ್ತಿತ್ತು: ನಾನು ಕ್ಷೇಮ, ನೀವು ಕ್ಷೇಮವೆಂದು ನಂಬಿದ್ದೇನೆ. ಕಚೇರಿಗೆ ಬರುವ ಅರ್ಜಿಗಳಲ್ಲೂ ನಾನು ಇದಕ್ಕಿಂತ ಹೆಚ್ಚು ಮಮತೆ ಕಂಡಿದ್ದೆ.

ಗೋಡೆಗೆ ಗೋಡೆ ಹಚ್ಚಿದ ಪಕ್ಕದ ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಇದ್ದಳು. ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ಗಂಡ ಸಂತೆಯಲ್ಲಿ ಬಳೆ ಮಾರುತ್ತಿದ್ದವನು, ಇಲ್ಲವಾಗಿದ್ದ. ಮಗ ಕೊಲ್ಲಿ ದೇಶದಲ್ಲಿ ದುಡಿಯುತ್ತಿದ್ದ. ಅವನು ಕಾಗದ ಬರೆಯುತ್ತಿರಲಿಲ್ಲ. ಬರೆದರೂ ಓದಿಸಿಕೊಳ್ಳಲು ಖಾಲಾ ಮಂದಿಯನ್ನು ಹುಡುಕಬೇಕಿತ್ತು. ಅದಕ್ಕೇ ಒಂದು ಟೇಪ್ ರೆಕಾರ್ಡರ್ ಕಳಿಸಿ, ಊರಿಗೆ ಬರುವವರ ಕೈಯಲ್ಲಿ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳಿಸುತ್ತಿದ್ದ. ಖಾಲಾ ಅದನ್ನು ಹಾಕಿಕೊಂಡು, ಮಗ ಎದುರಿಗೇ ಕೂತಂತೆ ಜಗಳವಾಡುತ್ತಿದ್ದಳು. ಕೊಲ್ಲಿಗೆ ಹೋದವರ ಮನೆಗಳಲ್ಲಿ ಆಗ ಹೀಗೇ ನಡೆಯುತ್ತಿತ್ತು. ನನ್ನ ಕೈಯಲ್ಲಿ ಕಾಗದ ನೋಡಿ ಒಂದು ದಿನ ಅಂದಳು:

"ಸಾಹೇಬ್ರ, ಕಾಗದದಾಗ ಏನದರೀ? ಆವಾಜ್ ತರಿಸ್ಕೊಳ್ರಿ. ಆವಾಜ್ ಕೇಳಿದ್ರ ಗೊತ್ತಾಗ್ತದ, ಕೂಸು ಉಂಡದೋ ಇಲ್ಲೋ ಅಂತ."

ರಾಯಚೂರಿನ ಭಾವನಿಗೆ ತತ್ವಪದ ಕೇಳುವ ಹುಚ್ಚು. ಅವನ ಹತ್ತಿರವೂ ಒಂದು ಟೇಪ್ ರೆಕಾರ್ಡರ್ ಇತ್ತು. ಹಳೆಯ ತತ್ವಪದದ ಕ್ಯಾಸೆಟ್ ಎರಡನ್ನು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟ. ಒಂದು ಬರುವುದು, ಒಂದು ಹೋಗುವುದು. ಹೋದದ್ದರ ಮೇಲೆಯೇ ಮತ್ತೆ ತುಂಬಿ ಕಳಿಸುವುದು.

ಮೊದಲ ಕ್ಯಾಸೆಟ್ ಒಂದು ಗುರುವಾರ ಬಂತು. ಖಾಲಾನ ಪಡಸಾಲೆಯಲ್ಲಿ ಹಾಕಿದೆವು. ಬಹಳ ಹೊತ್ತು ಬರೀ ಸುಯ್ಯೆನ್ನುವ ಸದ್ದು. ಎಲ್ಲೋ ಒಂದು ಕೋಳಿ. ಆಮೇಲೆ ಅಕ್ಕನ ಧ್ವನಿ: "ಮಾತಾಡಬೇ, ನಿಮ್ಮಪ್ಪಗ ಏನರ ಹೇಳಬೇ. ಹಂಗ್ಯಾಕ ಕುಂತಿ?" ಮತ್ತೆ ಕೋಳಿ. ಕೊನೆಗೆ ಮಗಳು: "ಏನ್ ಹೇಳಲಿ ಅತ್ತಿ?"

"ಏನರ. ಸಾಲಿಯಿಂದ ತಂದ ಕತಿ ಪುಸ್ತಕ ಐತಲ್ಲ, ಅದನ್ನರ ಓದು. ಜೋರಾಗಿ ಓದು!"

ಹೀಗೆ ಶುರುವಾಯಿತು ಕತೆ.

ಒಂದು ಊರಿನ ಗಾಳಿಯನ್ನು ಒಬ್ಬ ರಾಣಿ ಕದ್ದು ಮಣ್ಣಿನ ಗಡಿಗೆಗಳಲ್ಲಿ ತುಂಬಿಸಿ ಬಾಯಿ ಕಟ್ಟಿ ಇಟ್ಟಿರುತ್ತಾಳೆ. ಊರಿನ ಗಾಳಿ ಗಿರಣಿಗಳು ನಿಂತಿರುತ್ತವೆ, ಬಟ್ಟೆ ಒಣಗುವುದಿಲ್ಲ, ಹಡಗುಗಳು ನೀರಿನ ಮೇಲೆ ಸುಮ್ಮನೆ ಕೂತಿರುತ್ತವೆ. ತಾಯಿ ತಂದೆ ಇಲ್ಲದ ಗಿರಣಿಯ ಹುಡುಗನೊಬ್ಬ, ಒಂದೇ ಕಾಲಿನ ಕೊಕ್ಕರೆಯನ್ನು ಕಟ್ಟಿಕೊಂಡು, ಗಾಳಿ ಹುಡುಕಲು ಹೊರಡುತ್ತಾನೆ. ಏಪ್ರಿಲ್ ತಿಂಗಳು. ದೇವದುರ್ಗದಲ್ಲಿ ಬೇವಿನ ಎಲೆ ಅಲುಗುತ್ತಿರಲಿಲ್ಲ. ಖಾಲಾ ಬೀಸಣಿಗೆ ಬೀಸುತ್ತ, "ಆ ರಾಣಿ ನಮ್ಮೂರ ಗಾಳಿನೂ ಒಯ್ದಾಳ್ರೀ," ಅಂದಳು.

ಮಗಳು ಮೊದಮೊದಲು ಪಾಠ ಒಪ್ಪಿಸುವ ರಾಗದಲ್ಲೇ ಓದುತ್ತಿದ್ದಳು. ಕೊಕ್ಕರೆ ಮಾತಾಡುವ ಕಡೆ ಬಂದಾಗ ಮಾತ್ರ ಧ್ವನಿ ಸಣ್ಣಗೆ ಮಾಡಿದಳು. ಆ ಧ್ವನಿ ಅವಳ ತಾಯಿಯದು. ಅಧ್ಯಾಯ ಮುಗಿದು ನಾವಿಬ್ಬರೂ ಉಸಿರು ಹಿಡಿದು ಕೂತಿದ್ದಾಗ, ಅಳಿಸದೆ ಉಳಿದಿದ್ದ ತತ್ವಪದ ಏಕತಾರಿಯ ಸಮೇತ ಒಮ್ಮೆಲೇ ಅಬ್ಬರಿಸಿತು. ಖಾಲಾ "ಯಾ ಅಲ್ಲಾ!" ಅಂತ ಬೀಸಣಿಗೆ ಕೆಳಗೆ ಹಾಕಿದಳು. ಮುಂದೆ ಅದು ರೂಢಿಯಾಯಿತು. ಪ್ರತಿ ವಾರ ಹುಡುಗ ಯಾವುದೋ ಬಂಡೆಯ ತುದಿಯಲ್ಲಿ ನೇತಾಡುತ್ತಿರುವಾಗ ಯಾರೋ ಬಂದು ಈ ದೇಹ ನೀರ ಮೇಲಿನ ಗುಳ್ಳೆ ಅಂತ ಹಾಡುವರು.

ಉತ್ತರವನ್ನು ನಾನೂ ಕ್ಯಾಸೆಟ್ಟಿನ ಕೊನೆಯಲ್ಲಿ ತುಂಬಿಸಿ ಕಳಿಸಬೇಕಿತ್ತು. ಖಾಲಾ ಗುಂಡಿ ಒತ್ತಿ ನನ್ನ ಮುಖ ನೋಡಿದಳು. ನಾನು ಗಂಟಲು ಸರಿ ಮಾಡಿಕೊಂಡು ಹೇಳಿದೆ: "ಓದಿದ್ದು ಕೇಳಿದೆ. ನಡುವ ಎರಡು ಸಲ ಕೆಮ್ಮಿದಿ. ನೀರು ಕಾಯಿಸಿ ಕುಡಿ. ಬಿಸಿಲಾಗ ತಿರಗಬ್ಯಾಡ."

"ಸಾಹೇಬ್ರ," ಅಂದಳು ಖಾಲಾ ಗುಂಡಿ ಬಂದ್ ಮಾಡಿ, "ಕತಿ ಹೆಂಗಿತ್ತು ಅಂತ ಹೇಳ್ರಿ. ಬರೀ ಕೆಮ್ಮಿನ ಮಾತು ಕೇಳಾಕ ಆ ಕೂಸು ಅಷ್ಟು ಓದೇತೇನು?"

"ಆಮ್ಯಾಲೆ ಹೇಳ್ತೀನಿ ಬಿಡ್ರಿ."

ಆಮೇಲೆಯೂ ಹೇಳಲಿಲ್ಲ. ಹೇಳಲು ಬಾರದು ಅಂತಲ್ಲ, ನಾಚಿಕೆ. ತಲೆಯ ಕೂದಲು ಉದುರುತ್ತಿರುವ ಸರ್ಕಾರಿ ನೌಕರ, ಕಡತದ ಮುಂದೆ ಕೂತು ಒಂಟಿ ಕಾಲಿನ ಕೊಕ್ಕರೆ ಆ ಉಸುಕಿನ ದಿಬ್ಬ ದಾಟಿತೋ ಇಲ್ಲವೋ ಅಂತ ಚಿಂತಿಸುತ್ತಿದ್ದೇನೆ ಅಂತ ಯಾರ ಮುಂದೆ ಹೇಳಲಿ? ಗುರುವಾರ ಬಂತೆಂದರೆ ಊಟದ ಬಿಡುವಿನಲ್ಲಿ ಬಸ್ ನಿಲ್ದಾಣದಲ್ಲಿರುತ್ತಿದ್ದೆ. ಕಂಡಕ್ಟರ್ ನನ್ನನ್ನು ನೋಡಿದ ಕೂಡಲೇ, "ಬಂದಾಳ್ರೀ ನಿಮ್ಮ ಮಗಳು! ಟಿಕೆಟ್ ಇಲ್ಲದ ಬಂದಾಳ, ಏನ್ ಮಾಡೂನು?" ಅಂತ ಕರ್ಚೀಫಿನ ಗಂಟು ಎತ್ತಿ ತೋರಿಸುತ್ತಿದ್ದ. ಬಸ್ಸಿನವರೆಲ್ಲ ಕಿಟಕಿಯಿಂದ ನೋಡುವರು. ಒಬ್ಬಾತ ಒಮ್ಮೆ ನಿಜಕ್ಕೂ ಇಳಿದು ಹುಡುಗಿಯನ್ನು ಹುಡುಕಿದ.

ಮಳೆಗಾಲದ ಹೊತ್ತಿಗೆ ಹುಡುಗ ಗಡಿಗೆಗಳನ್ನು ಒಡೆದು ಗಾಳಿ ಬಿಡಿಸಿದ. ಹಡಗು ಹೊರಟಿತು. ಇನ್ನೇನು ಮನೆ ಸೇರುತ್ತಾನೆ, ಕತೆ ಮುಗಿಯುತ್ತದೆ ಅಂತ ನಾನೂ ಖಾಲಾನೂ ಸ್ವಲ್ಪ ಬೇಜಾರಿನಲ್ಲೇ ಕೂತಿದ್ದೆವು. ಕತೆ ಮುಗಿದರೆ ಕ್ಯಾಸೆಟ್ ಬರುವುದೂ ಮುಗಿದೀತು, ಮತ್ತೆ ನಾನು ಕ್ಷೇಮ ನೀವು ಕ್ಷೇಮ ಶುರುವಾದೀತು ಅನ್ನುವುದು ನನ್ನ ಆ ವಾರದ ಚಿಂತೆ. ಆದರೆ ಮುಗಿಯಲಿಲ್ಲ. ಗಾಳಿ ಹಡಗನ್ನು ಬೇರೆ ಕಡೆಗೆ ಒಯ್ದಿತು. ಒಂದು ದ್ವೀಪ, ಅದಾದ ಮೇಲೆ ಇನ್ನೊಂದು.

ಈ ದ್ವೀಪಗಳು ಸ್ವಲ್ಪ ವಿಚಿತ್ರವಾಗಿದ್ದವು. ಒಂದರಲ್ಲಿ ಜನ ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದರು. ಇನ್ನೊಂದರಲ್ಲಿ ಹತ್ತಿ ತುಂಬಿದ ಬಂಡಿಗಳು ಸಾಲಾಗಿ ನಿಂತು ದಾರಿ ಕಟ್ಟಿದ್ದವು. ಕಲ್ಲಿನ ಕೋಟೆಯ ಗೋಡೆಗೆ ಒರಗಿ ಒಬ್ಬಾಕೆ ಉಳ್ಳಾಗಡ್ಡಿ ಮಾರುತ್ತಿದ್ದಳು. ನಾನು ಖಾಲಾಗೆ ವಿವರಿಸಿದೆ: "ಕನ್ನಡಕ್ಕ ತಂದವ ನಮ್ಮ ಕಡಿಯವನೇ ಇರಬೇಕ್ರಿ. ಓದೋ ಮಕ್ಕಳಿಗೆ ತಿಳೀಲಿ ಅಂತ ಬದಲಿ ಮಾಡ್ಯಾನ. ಭಾಳ ಬುದ್ಧಿವಂತ." ಕಚೇರಿಯಲ್ಲಿ ಒಬ್ಬ ಸಹೋದ್ಯೋಗಿಗೂ ಈ ಮಾತು ಹೇಳಿ, ಒಳ್ಳೆಯ ಅನುವಾದ ಎಂದರೆ ಹೇಗಿರಬೇಕು ಅಂತ ಚಾ ಆರುವ ತನಕ ಉಪನ್ಯಾಸ ಕೊಟ್ಟೆ.

ಪ್ರತಿ ದ್ವೀಪದಲ್ಲೂ ಹುಡುಗ ಕೇಳುತ್ತಿದ್ದ: "ನಾನು ಇಲ್ಲೇ ಇರಬಹುದಾ?" ಪ್ರತಿ ದ್ವೀಪದವರೂ ಬಹಳ ಒಳ್ಳೆಯವರು. ಊಟಕ್ಕೆ ಹಾಕುವರು, ತಲೆ ಸವರುವರು, ಆಮೇಲೆ ಬೇಡ ಅನ್ನುವರು. ಒಂದು ಕಡೆ, ಇಲ್ಲಿಯ ಕಲ್ಲುಗಳ ಕೆಳಗೆ ವಿಷದ ಹುಳ ಇವೆ ಅಂದರು. ಇನ್ನೊಂದು ಕಡೆ, ಇಲ್ಲಿಯ ನೀರು ಉಪ್ಪು, ನಿನಗೆ ಆಗಿಬರುವುದಿಲ್ಲ ಅಂದರು. ಮತ್ತೊಂದು ಕಡೆ, ಹಗಲು ಹೊತ್ತು ನಾವ್ಯಾರೂ ಮನೆಯಲ್ಲಿ ಇರುವುದಿಲ್ಲವಲ್ಲ ಅಂದರು. ಹುಡುಗ ಮತ್ತೆ ಹಡಗು ಹತ್ತುತ್ತಿದ್ದ.

"ಈ ಕತಿ ಬರದವಗ ಮಕ್ಕಳಿಲ್ಲ ನೋಡ್ರಿ," ಅಂದಳು ಖಾಲಾ. "ಇದ್ದಿದ್ರ ಕೂಸಿನ್ನ ಹಿಂಗ ತಿರುಗಾಡಸ್ತಿದ್ದಿಲ್ಲ."

"ಕಲ್ಲು ಮನಸಿನವ," ಅಂದೆ ನಾನೂ. ನನಗೆ ಆ ದ್ವೀಪದವರ ಮೇಲೆ ನಿಜವಾಗಿ ಸಿಟ್ಟು ಬಂದಿತ್ತು. ಹುಳ ಇದ್ದರೆ ಏನಾಯಿತು, ಕಲ್ಲು ಸರಿಸಿ ನೋಡಿ ಮಲಗಿದರಾಯಿತಪ್ಪ.

ದೀಪಾವಳಿಗೆ ಮೊದಲು ಒಂದು ಗುರುವಾರ ಕ್ಯಾಸೆಟ್ ಬರಲಿಲ್ಲ. ಕಂಡಕ್ಟರ್ ಕೈ ಆಡಿಸಿ, "ಇವತ್ತ ಇಲ್ರೀ," ಅಂದ. ನಾನು ಕಚೇರಿಗೆ ವಾಪಸ್ ಹೋಗಲು ಹೆಜ್ಜೆ ಇಡುವಷ್ಟರಲ್ಲಿ ಮನಸ್ಸಿನಲ್ಲೇ ಮಗಳಿಗೆ ಟೈಫಾಯಿಡ್ ಬರಿಸಿ, ಅಕ್ಕನ ಮನೆಯ ಗೋಡೆ ಬೀಳಿಸಿ, ಭಾವನನ್ನು ಆಸ್ಪತ್ರೆಗೆ ಸೇರಿಸಿ ಆಗಿತ್ತು. ಅದೇ ಬಸ್ಸು ತಿರುಗಿ ರಾಯಚೂರಿಗೆ ಹೊರಟಾಗ ಹತ್ತಿ ಕೂತೆ. ರಜೆಯ ಅರ್ಜಿಯನ್ನೂ ಕೊಟ್ಟಿರಲಿಲ್ಲ. ದಾರಿಯುದ್ದಕ್ಕೂ ಅದರದೊಂದು ಚಿಂತೆ.

ಅಕ್ಕ ಅಂಗಳದಲ್ಲಿ ಹಪ್ಪಳ ಹರವುತ್ತಿದ್ದಳು. ಗೋಡೆ ನಿಂತೇ ಇತ್ತು.

"ಯಾಕೋ ತಮ್ಮಾ, ಹಿಂಗ ಬೆವತು ಬಂದಿ?"

"ಕ್ಯಾಸೆಟ್ ಬರಲಿಲ್ಲಲ್ಲ. ಕೂಸು ಆರಾಮ ಅದಾಳಿಲ್ಲೋ?"

"ಆರಾಮ ಅದಾಳ, ಸಾಲಿಗೆ ಹೋಗ್ಯಾಳ. ನಿನ್ನಿ ಕರೆಂಟ್ ಇದ್ದಿಲ್ಲ, ಅದಕ್ಕ ತುಂಬಿಸಿಲ್ಲ." ಆಕೆ ನಕ್ಕಳು. "ಇಷ್ಟಕ್ಕ ಓಡಿ ಬಂದೇನು?"

ನನಗೆ ಸಮಾಧಾನವಾಯಿತು. ಸಮಾಧಾನವಾದ ಕೂಡಲೇ ಇನ್ನೊಂದು ಆಸೆ ಹುಟ್ಟಿತು: ಮುಂದಿನ ದ್ವೀಪ ಯಾವುದು ಅಂತ ಕದ್ದು ನೋಡಿಬಿಡೋಣ.

"ಅಕ್ಕ, ಆ ಪುಸ್ತಕ ಎಲ್ಲಿ ಇಡ್ತಾಳ?"

"ಯಾವ ಪುಸ್ತಕ?"

"ಕ್ಯಾಸೆಟ್ಟಿಗೆ ಓದ್ತಾಳಲ್ಲ, ಅದು."

"ಅದಾ? ಅದನ್ನ ಸಾಲಿಗೆ ತಿರುಗಿ ಕೊಟ್ಟು ಎಷ್ಟೋ ದಿನ ಆತಲ್ಲೋ. ಗಣಪತಿ ಹಬ್ಬದಾಗ ಜೋಕುಮಾರ ಬರೂಕಿಂತ ಮದಲ."

"ಮತ್ತ ಈಗ ಯಾವ ಪುಸ್ತಕ ಓದತಾಳ?"

"ಪುಸ್ತಕ ಎಲ್ಲಿದು? ಕೈಯಾಗ ಏನೂ ಇರಂಗಿಲ್ಲ. ಗ್ವಾಡಿ ಕಡಿ ಮಾರಿ ಮಾಡಿ ಕುಂತು ಜೋರಾಗಿ ಅಂತಿರ್ತಾಳ. ಪಾಠ ಬಾಯಿಪಾಠ ಮಾಡ್ಯಾಳ, ಒಪ್ಪಸಾಕತ್ತಾಳ ಅನ್ಕೊಂಡೆ." ಅಕ್ಕನ ಮುಖದಲ್ಲಿ ಹೆಮ್ಮೆ ಇತ್ತು. "ಭಾಳ ಶಾಣ್ಯಾ ಅದಾಳಲೇ. ಒಂದು ಅಕ್ಷರ ತಡವರಿಸಂಗಿಲ್ಲ."

ನಾನು ಹಪ್ಪಳದ ಚಾಪೆಯ ಪಕ್ಕದಲ್ಲೇ ಕೂತೆ. ನನ್ನ ಅವ್ವ ಇಷ್ಟೇ ಹೆಮ್ಮೆಯಿಂದ ನನ್ನ ಸುಳ್ಳು ರಾಜರನ್ನು ಕೇಳುತ್ತಿದ್ದದ್ದು ನೆನಪಾಯಿತು. ಆದರೆ ನನ್ನದು ಬರೀ ಗದ್ದಲ. ಇವಳದು ಹಾಗಲ್ಲ. ಉಪ್ಪು ನೀರು, ಕಲ್ಲಿನ ಕೆಳಗಿನ ಹುಳ, ಹಗಲು ಮನೆಯಲ್ಲಿ ಯಾರೂ ಇಲ್ಲದ್ದು. ಇವನ್ನೆಲ್ಲ ಇದೇ ಅಂಗಳದಲ್ಲಿ ನಿಂತು ಹೇಳಿದವನು ಯಾರು ಅಂತ ಗೊತ್ತಾಗಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ವಾರವಾರವೂ ಹತ್ತು ವರ್ಷದ ಹುಡುಗಿಯೊಬ್ಬಳು ನನ್ನನ್ನು ಇಲ್ಲೇ ಇರಬಹುದಾ ಅಂತ ಕೇಳಿದ್ದಳು. ನಾನು ವಾರವಾರವೂ ನೀರು ಕಾಯಿಸಿ ಕುಡಿ ಅಂತ ಉತ್ತರ ಕಳಿಸಿದ್ದೆ.

ಸಂಜೆ ಮಗಳು ಬಂದಳು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. ನಾಲ್ಕು ಬೆರಳು ಎತ್ತರ ಬೆಳೆದಿದ್ದಳು. ಕ್ಯಾಸೆಟ್ಟಿನಲ್ಲಿ ಅದು ತಿಳಿಯುವುದಿಲ್ಲ.

"ಅಪ್ಪಾ, ನೀ ಯಾಕ ಬಂದಿ?"

"ಸುಮ್ನ." ಗಂಟಲು ಸರಿ ಮಾಡಿಕೊಂಡೆ. ಕತೆಯ ಮಾತು ಎತ್ತಬಾರದು ಅಂತ ಅಷ್ಟರಲ್ಲಿ ನಿರ್ಧಾರ ಮಾಡಿದ್ದೆ. ಎತ್ತಿದರೆ ಅವಳಿಗೆ ನಾಚಿಕೆಯಾದೀತು. "ನೀನು ದೇವದುರ್ಗಕ್ಕ ಬರ್ತೀಯೇನವ್ವಾ? ಇರಾಕ."

ಅವಳು ಚೀಲ ಇಳಿಸಲಿಲ್ಲ. ಯೋಚಿಸುವಾಗ ಹುಬ್ಬು ಗಂಟಿಕ್ಕುವುದು ನನ್ನ ಹಾಗೇ ಅಂತ ಆಗ ಕಂಡಿತು, ಪಾಪ ಅನಿಸಿತು.

"ಅಲ್ಲಿ ಚೇಳು ಅದಾವಲ್ಲ?"

"ಅದಾವ."

"ನೀರು ಸವಳಲ್ಲ?"

"ಹೂಂ, ಸವಳು."

"ನೀ ಕಚೇರಿಗೆ ಹೋದ್ರ ಯಾರೂ ಇರಂಗಿಲ್ಲಲ್ಲ?"

"ಬಾಜೂ ಮನ್ಯಾಗ ಖಾಲಾ ಅದಾಳ. ಆಕಿಗೆ ನಿನ್ನ ಧ್ವನಿ ಗೊತ್ತದ." ಇದಕ್ಕಿಂತ ಭರವಸೆಯ ಮಾತು ನನ್ನಲ್ಲಿ ಇರಲಿಲ್ಲ. ಎಲ್ಲ ಸರಿ ಹೋಗುತ್ತದೆ ಅಂತ ಹೇಳುವ ಅಭ್ಯಾಸ ನನ್ನ ನಾಲಿಗೆಗೆ ಇಲ್ಲ. "ಅಷ್ಟೆಲ್ಲ ಅದಾವ. ಆದ್ರೂ ಬಾ."

ಅಕ್ಕ ಒಳಗಿನಿಂದ ಕೂಗಿದಳು: "ರೊಟ್ಟಿ?"

"ಕಲೀತೀನಿ ತಗೋ."

"ನೀ ಕಲಿಯೂದ್ರಾಗ ಕೂಸು ಸೊರಗಿ ಹೋಗ್ತದ," ಅಂದಳು ಅಕ್ಕ. ಆದರೆ ಮಗಳ ಬಟ್ಟೆಗಳನ್ನು ಹಗ್ಗದಿಂದ ತೆಗೆಯತೊಡಗಿದ್ದಳು.

ಅರ್ಧವಾರ್ಷಿಕ ಪರೀಕ್ಷೆ ಮುಗಿಸಿಕೊಂಡು ಮಗಳು ದೇವದುರ್ಗಕ್ಕೆ ಬಂದಳು. ಕ್ಯಾಸೆಟ್ಟುಗಳನ್ನು ಭಾವ ತಿರುಗಿ ಇಸಿದುಕೊಂಡು ಮತ್ತೆ ತತ್ವಪದ ತುಂಬಿಸಿದ. ಒಂದರ ಮೇಲೊಂದು ಅಳಿಸಿಹೋಗಿದ್ದರಿಂದ ಆ ಕತೆಯ ಒಂದು ಮಾತೂ ಎಲ್ಲೂ ಉಳಿಯಲಿಲ್ಲ.

ಜೊತೆಗೆ ಬಂದ ಮೇಲೆ ನಾವಿಬ್ಬರೂ ಬಾಯಿ ತುಂಬ ಮಾತಾಡಿದೆವು ಅಂತ ಬರೆಯಲು ನನಗೂ ಆಸೆಯೇ. ಹಾಗೇನೂ ಆಗಲಿಲ್ಲ. ಅವಳು ಮಾತು ಕಡಿಮೆಯ ಹುಡುಗಿ, ನಾನು ಚಿಂತೆ ಹೆಚ್ಚಿನ ಮನುಷ್ಯ. "ಉಂಡೇನು?" "ಹೂಂ." "ಬರದೇನು?" "ಹೂಂ." ನನ್ನ ರೊಟ್ಟಿಗಳು ದ್ವೀಪಗಳ ಆಕಾರದಲ್ಲಿ ಬರುತ್ತಿದ್ದವು, ಅವಳು ಸುಮ್ಮನೆ ತಿನ್ನುತ್ತಿದ್ದಳು. ಒಮ್ಮೆ ಧೈರ್ಯ ಮಾಡಿ, "ಆ ಗಿರಣಿ ಹುಡುಗ ಆಮ್ಯಾಲೆ ಏನಾದ?" ಅಂದೆ. "ಯಾವ ಹುಡುಗ?" ಅಂದಳು. ಮುಖ ಕೆಂಪಾಗಿತ್ತು. ಮತ್ತೆ ಕೇಳಲಿಲ್ಲ. ಮಗಳು ಕೈಗೆಟುಕುವ ದೂರದಲ್ಲಿ ಕೂತು ಲೆಕ್ಕ ಬಿಡಿಸುತ್ತಿರುವಾಗ, ಬಸ್ಸಿನಲ್ಲಿ ಬರುತ್ತಿದ್ದ ಮಗಳು ಬೇಕು ಅನಿಸುತ್ತಿತ್ತು. ಇಂಥ ಆಸೆಯನ್ನು ಯಾರ ಮುಂದೆ ಹೇಳುವುದು?

ಒಂದು ಸಂಜೆ ಕಚೇರಿಯಿಂದ ಬಂದಾಗ ಮನೆಗೆ ಬೀಗ ಇತ್ತು. ಎಂದಿನಂತೆ ಕೆಟ್ಟದ್ದನ್ನೆಲ್ಲ ಯೋಚಿಸಿ ಮುಗಿಸುವಷ್ಟರಲ್ಲಿ, ಖಾಲಾನ ಮನೆಯಿಂದ ಧ್ವನಿ ಕೇಳಿಸಿತು. ಆ ಧ್ವನಿಯೇ. ಯಾರೋ ಒಬ್ಬಳು ಹುಡುಗಿ ಕೃಷ್ಣೆಯ ತಳದಲ್ಲಿ ಇರುವ ಊರಿಗೆ ಹೋಗಿದ್ದಳು, ಅಲ್ಲಿ ಮೀನುಗಳು ತೆರಿಗೆ ವಸೂಲಿ ಮಾಡುತ್ತಿದ್ದವು. ನಡುನಡುವೆ ಖಾಲಾ, "ಆಮ್ಯಾಲೆ? ಆಮ್ಯಾಲೆ ಬೇಟಿ?" ಅನ್ನುತ್ತಿದ್ದಳು. ನಾನು ಬಾಗಿಲ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ, ಛತ್ರಿ ಹಿಡಿದುಕೊಂಡು ನಿಂತೆ. ಒಳಗೆ ಹೋದರೆ ನಿಲ್ಲಿಸಿಬಿಡುತ್ತಾಳೆ. ಹೊರಗೇ ನಿಂತರೆ ಓಣಿಯವರು ಏನಂದುಕೊಂಡಾರು.

"ಯಾರದು ಅಲ್ಲಿ ನೆರಳು?" ಅಂದಳು ಖಾಲಾ. "ಸಾಹೇಬ್ರೇನು? ಹೊರಗ್ಯಾಕ ನಿಂತೀರಿ? ಒಳಗ ಬರ್ರಿ ಲಗೂನ, ಮಸಳಿ ಬಂದು ನಿಂತದ!"

ಒಳಗೆ ಹೋದೆ. ಮಗಳು ನನ್ನನ್ನು ನೋಡಿ ಬಾಯಿ ಮುಚ್ಚಿದಳು. ಖಾಲಾ ಅವಳ ಮೊಣಕಾಲಿಗೆ ತಟ್ಟಿದಳು. ನಾನು ಛತ್ರಿಯನ್ನು ಮೂಲೆಗೆ ಇಟ್ಟು, ಅವಳ ಮುಖ ನೋಡದ ಹಾಗೆ, ಸ್ವಲ್ಪ ಪಕ್ಕಕ್ಕೆ ತಿರುಗಿ ಕೂತೆ. ಅವಳು ಖಾಲಾನ ಕಡೆ ತಿರುಗಿ ಕೂತಳು. ಆಮೇಲೆ ಮತ್ತೆ ಶುರು ಮಾಡಿದಳು, ಮೊದಲಿಗಿಂತ ಸಣ್ಣ ಧ್ವನಿಯಲ್ಲಿ. ಎಷ್ಟು ಸಣ್ಣದೆಂದರೆ, ಮೊಸಳೆ ಏನು ಹೇಳಿತು ಅನ್ನುವುದು ನನಗೆ ಕೇಳಿಸಲೇ ಇಲ್ಲ.

"ಏನಂತು?" ಅಂದೆ.

ಅವಳು ಇನ್ನೊಮ್ಮೆ ಹೇಳಿದಳು.